ತಾತನ ರ‍್ಯಾಲಿ ಸೈಕಲ್ಲು: ಬಣ್ಣ ಬಳಿಯದೆ ಓಡುವ ಹಾಗೆ ಮಾಡಿದ್ದು

ವರ್ಷದ ಕಾರ್ಯಕ್ಕೆ ಮುಂಚೆ ತಾತನ ಸೈಕಲ್ಲಿಗೆ ಪೌಡರ್ ಕೋಟಿಂಗ್ ಮಾಡಿಸಿ ಹಾಲ್‌ನಲ್ಲಿ ಅವರ ಫೋಟೋದ ಕೆಳಗೆ ನಿಲ್ಲಿಸಬೇಕು ಅನ್ನುವುದು ದೊಡ್ಡಪ್ಪನ ಯೋಚನೆಯಾಗಿತ್ತು. ರೇಟು ಕೂಡ ಕೇಳಿಟ್ಟಿದ್ದರು. ನಾನು ಬೇಡ ಅಂದೆ. ಪೌಡರ್ ಕೋಟಿಂಗ್‌ಗೆ ಮೊದಲು ಮರಳು ಊದಿ ಹಳೇ ಬಣ್ಣವನ್ನೆಲ್ಲ ಕಿತ್ತುಹಾಕುತ್ತಾರೆ. ಆಮೇಲೆ ಉಳಿಯುವ ಫ್ರೇಮು ಯಾರದ್ದು ಬೇಕಾದರೂ ಆಗಬಹುದು. ತಾತ ಬದುಕಿದ್ದು ತೊಂಬತ್ತೇಳು ವರ್ಷ, ಅದರಲ್ಲಿ ಅರುವತ್ತಕ್ಕೂ ಮಿಕ್ಕಿ ಈ ಸೈಕಲ್ಲಿನ ಜೊತೆ. ಅವರ ಗುರುತು ಇರುವುದು ಬಣ್ಣ ಹೋದ ಜಾಗಗಳಲ್ಲೇ. ಬಿಚ್ಚಿ, ತೊಳೆದು, ಸವೆದದ್ದನ್ನಷ್ಟೇ ಬದಲಾಯಿಸಿ ಓಡುವ ಹಾಗೆ ಮಾಡಿಕೊಡುತ್ತೇನೆ ಅಂದೆ. “ಓಡಿಸೋರು ಯಾರೋ?” ಅಂದರು ದೊಡ್ಡಪ್ಪ. ಅದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ.

ಮೊದಲು ಗಾಡಿಯ ಜಾತಕ. ಮುಂದಿನ ಬಿಲ್ಲೆಯಲ್ಲಿ ಕೊಕ್ಕರೆಯ ತಲೆ, ಅದರ ಜೊತೆ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಅನ್ನುವ ಅಕ್ಷರ. ಅಸನ್ಸೋಲ್‌ನ ಸೆನ್-ರ‍್ಯಾಲಿ ಕಾರ್ಖಾನೆಯಲ್ಲಿ ಇಲ್ಲೇ ತಯಾರಾದ ರ‍್ಯಾಲಿಗಳೂ ಇವೆ. ಇದು ಅದಲ್ಲ, ಹಡಗಿನಲ್ಲಿ ಬಂದದ್ದು. 24 ಇಂಚಿನ ಫ್ರೇಮು, 28 ಇಂಚಿನ ಚಕ್ರ, ರಾಡ್ ಬ್ರೇಕು, ಪಂಚೆ ಉಟ್ಟವರ ಮಾನ ಕಾಯುವ ಪೂರ್ತಿ ಚೈನ್ ಕವರು. ಆ ಕವರ್ ಬಿಚ್ಚಿದರೆ ಒಳಗೆ ಚೈನ್‌ವೀಲ್ ಮೇಲೂ ಕೊಕ್ಕರೆ ತಲೆಗಳನ್ನೇ ಕತ್ತರಿಸಿದ್ದಾರೆ. ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಚಂದದ ಕೆಲಸ!

ತಾತ ಅರಸೀಕೆರೆ ತಾಲ್ಲೂಕಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಎಲ್.ಎಸ್. (ಲೋಯರ್ ಸೆಕೆಂಡರಿ) ಪಾಸು ಮಾಡಿ ಕೆಲಸಕ್ಕೆ ಸೇರಿದವರು. ಅರಸೀಕೆರೆ ರೈಲ್ವೆ ಜಂಕ್ಷನ್ನು. ಅಲ್ಲಿಂದ ವರ್ಗವಾಗಿ ಹೊರಟಿದ್ದ ಗಾರ್ಡ್ ಒಬ್ಬರಿಂದ ಈ ಸೈಕಲ್ಲನ್ನು ಸೆಕೆಂಡ್‌ಹ್ಯಾಂಡ್ ಕೊಂಡರು. ಇದು ಮನೆಯ ಕಥೆಯಲ್ಲ, ಜಮಾಖರ್ಚಿನ ಪುಸ್ತಕದಲ್ಲೇ ಇದೆ: “ಗಾರ್ಡ್ ಸಾಹೇಬರಿಗೆ ಸೈಕಲ್ ಬಾಬ್ತು 110–0–0”. ರೂಪಾಯಿ, ಆಣೆ, ಪೈ. ಈ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ರಿಪೇರಿಗೆ ದೊಡ್ಡ ಉಪಕಾರವಾಯಿತು. ಯಾವ ಭಾಗ ಮೊದಲಿನದು, ಯಾವುದು ನಡುವೆ ಹಾಕಿದ್ದು ಅನ್ನುವುದು ಸಾಲುಸಾಲಾಗಿ ಸಿಕ್ಕಿತು.

ಕಾಟರ್ ಪಿನ್ನು

ಪೆಡಲ್ ಕಡ್ಡಿಯನ್ನು ಆಕ್ಸಲ್ಲಿಗೆ ಹಿಡಿದಿಡುವ ಈ ಪಿನ್ನು ಬಿಚ್ಚುವುದೇ ಇಂಥ ಸೈಕಲ್ಲಿನಲ್ಲಿ ಅರ್ಧ ಕೆಲಸ. ಬೇರೆ ಏನು ಮಾಡುವ ಮೊದಲು ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಎರಡೂ ಪಿನ್ನಿಗೆ ಬಿಟ್ಟು ನೆನೆಯಲು ಇಟ್ಟೆ. ಹಿಂದೆಲ್ಲ ಈ ಕೆಲಸಕ್ಕೆ ಸೀಮೆಎಣ್ಣೆ ಇರುತ್ತಿತ್ತು, ಈಗ ಅದು ಸಿಕ್ಕುವುದೇ ಕಷ್ಟ.

ಮಾಡುವವರಿಗೆ ಒಂದು ಮಾತು: ನಟ್ಟನ್ನು ಪೂರ್ತಿ ತೆಗೆದು ಮರೆಯ (ಸ್ಕ್ರೂ ಸುತ್ತಿನ) ತುದಿಗೆ ಸುತ್ತಿಗೆ ಹಾಕಬೇಡಿ. ತುದಿ ಅಣಬೆಯ ಹಾಗೆ ಅಗಲವಾಗಿ ಪಿನ್ನು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಟ್ಟು ಮರೆಯ ತುದಿಗೆ ಸಮವಾಗಿ ಬರುವಷ್ಟು ಸಡಿಲಿಸಿ. ಪೆಡಲ್ ಕಡ್ಡಿಯ ಕೆಳಗೆ, ಪಿನ್ನಿನ ತಲೆ ಒಳಗೆ ಹೋಗುವಷ್ಟು ದಪ್ಪದ ಕಬ್ಬಿಣದ ಪೈಪನ್ನು ನೆಲದಿಂದ ಆನಿಸಿ. ಆಮೇಲೆ ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಹತ್ತು ಸಣ್ಣ ಏಟಿಗಿಂತ ಒಂದು ದೊಡ್ಡದು ಒಳ್ಳೆಯದು. ಪೈಪ್ ಆನಿಸದೆ ಹೊಡೆದರೆ ಆ ಪೆಟ್ಟೆಲ್ಲ ಒಳಗಿನ ಬೇರಿಂಗ್ ಗುಂಡುಗಳಿಗೆ ಹೋಗಿ, ಅವು ಓಡುವ ಕಪ್ಪಿನಲ್ಲಿ (ಬಟ್ಟಲಿನಲ್ಲಿ) ಗುಳಿ ಬೀಳುತ್ತದೆ.

ಬಲಗಡೆಯದು ಬಂತು. ಎಡಗಡೆಯದು ಬರಲಿಲ್ಲ. ಅದನ್ನು ಬೆಂಚ್ ವೈಸಿಗೆ ಕೊಟ್ಟು, ಒಂದು ಕಡೆ ಬಾಕ್ಸ್ ಸ್ಪ್ಯಾನರಿನ ತಲೆ ಇಟ್ಟು ಒತ್ತಿದಾಗ ‘ಟಪ್’ ಅಂತ ಸದ್ದು ಮಾಡಿ ಬಿಟ್ಟುಕೊಟ್ಟಿತು. ಎಡಗಡೆಯದೇ ಯಾಕೆ ಅಷ್ಟು ಹಟ ಮಾಡಿತು ಅನ್ನುವುದು ಪೆಡಲ್ ನೋಡಿದರೆ ಗೊತ್ತಾಗುತ್ತದೆ. ತಾತ ಸೈಕಲ್ ಹತ್ತುತ್ತಿದ್ದದ್ದು ಹಳೇ ಕಾಲದ ರೀತಿಯಲ್ಲಿ: ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಸಲ ಒದ್ದು, ಗಾಡಿ ಓಟ ಹಿಡಿದ ಮೇಲೆ ಕಾಲು ಹಿಂದಿನಿಂದ ಬೀಸಿ ಸೀಟಿಗೆ. ಇಳಿಯುವಾಗಲೂ ಅದೇ ಎಡ ಪೆಡಲ್ ಮೇಲೆ ಪೂರ್ತಿ ಭಾರ. ಎಡ ಪೆಡಲಿನ ರಬ್ಬರು ಕಬ್ಬಿಣ ಕಾಣುವಷ್ಟು ಸವೆದಿದೆ, ಅದರ ಆಕ್ಸಲ್ಲು ಕಣ್ಣಿಗೆ ಕಾಣುವಷ್ಟು ಕೆಳಗೆ ಬಾಗಿದೆ. ಬಲಗಡೆಯ ರಬ್ಬರಿನಲ್ಲಿ ಇನ್ನೂ ಗೀರುಗಳಿವೆ. ಎಡ ಪೆಡಲಿನ ಮರೆ ಉಲ್ಟಾ ಅನ್ನುವುದು ಸೈಕಲ್ ಮುಟ್ಟಿದವರಿಗೆಲ್ಲ ಗೊತ್ತು. ಗೊತ್ತಿಲ್ಲದವರು ಬಿಚ್ಚುವ ಮೊದಲು ನೆನಪಿಟ್ಟುಕೊಳ್ಳಿ.

ಗುಂಡುಗಳ ಲೆಕ್ಕ

ಬಾಟಮ್ ಬ್ರಾಕೆಟ್ಟಿನಲ್ಲಿ, ಅಂದರೆ ಪೆಡಲ್ ಕಡ್ಡಿಯ ಆಕ್ಸಲ್ಲು ತಿರುಗುವ ಜಾಗದಲ್ಲಿ, ಕಾಲು ಇಂಚಿನ ಗುಂಡು, ಬದಿಗೆ 11. ಹಿಂದಿನ ಚಕ್ರದ ನಡುವಿನ ಹಬ್ಬಿಗೂ ಕಾಲು ಇಂಚಿನದೇ, ಬದಿಗೆ 9. ಮುಂದಿನ ಹಬ್ಬಿಗೆ ಮೂರು ಹದಿನಾರಂಶ ಇಂಚಿನದು, ಬದಿಗೆ 10. ನಮ್ಮ ಬಾಟಮ್ ಬ್ರಾಕೆಟ್ಟಿನ ಒಂದು ಬದಿಯಲ್ಲಿ ಒಂದು ಗುಂಡು ಕಡಿಮೆ ಇತ್ತು. ಯಾವುದೋ ಓವರ್‌ಹಾಲಿಂಗಿನಲ್ಲಿ ನೆಲಕ್ಕೆ ಬಿದ್ದು ಉರುಳಿ ಹೋಗಿರಬೇಕು. ಗುಂಡು ಬಿಡಿಯಾಗಿ ಸಿಗುತ್ತದೆ, ಅಗ್ಗ, ಹಳೆಯದರ ಜೊತೆ ಹೊಸದು ಬೆರೆಸದೆ ಪೂರ್ತಿ ಸೆಟ್ಟನ್ನೇ ಬದಲಾಯಿಸುವುದು ವಾಸಿ.

ಕಪ್ಪುಗಳ ವಿಷಯ ಬೇರೆ. ನಾಟಿಂಗ್‌ಹ್ಯಾಮ್ ರ‍್ಯಾಲಿಯ ಬಾಟಮ್ ಬ್ರಾಕೆಟ್ಟಿನ ಮರೆ ಇಂಚಿಗೆ 26 ಸುತ್ತು. ಇಲ್ಲಿಯ ಉಳಿದ ಸೈಕಲ್ಲುಗಳದ್ದು ಸಾಮಾನ್ಯವಾಗಿ 24. ಅಂಗಡಿಯಲ್ಲಿ ಸಿಗುವ ಕಪ್ಪು ಅರ್ಧ ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಬಲವಂತ ಮಾಡಿದರೆ ಫ್ರೇಮಿನ ಮರೆಯೇ ಹಾಳು. ಆದ್ದರಿಂದ ಈ ಬ್ರ್ಯಾಂಡಿನ ಸೈಕಲ್ಲಿನಲ್ಲಿ ಮೂಲ ಕಪ್ಪನ್ನು ಚಿನ್ನದ ಹಾಗೆ ಕಾಪಾಡಬೇಕು. ಬಲಗಡೆಯ ಕಪ್ಪು ಉಲ್ಟಾ ಮರೆಯದು. ಅದನ್ನು ನಾನು ಬಿಚ್ಚಲೇ ಇಲ್ಲ, ಇದ್ದಲ್ಲೇ ಬಟ್ಟೆ ತೂರಿಸಿ ತೊಳೆದೆ. ಟಾರ್ಚ್ ಬಿಟ್ಟು ನೋಡಿದರೆ ಗುಂಡು ಓಡುವ ದಾರಿ ಹೊಳೆಯುತ್ತಿತ್ತು, ಗುಳಿ ಇಲ್ಲ.

ಅಷ್ಟು ವರ್ಷ ಆ ಕಪ್ಪು ಬಾಳಿದ್ದಕ್ಕೆ ಕಾರಣ ಪುಸ್ತಕದಲ್ಲಿದೆ. ಪ್ರತಿವರ್ಷ ಬೇಸಿಗೆ ರಜಕ್ಕೆ ಒಂದೇ ನಮೂದು: “ಓವರಾಲಿಂಗ್, ಗ್ರೀಸ್ ಸಹ”. ಮಕ್ಕಳ ಬಟ್ಟೆ ಒಂದು ವರ್ಷ ತಪ್ಪಿದೆ, ಇದು ತಪ್ಪಿಲ್ಲ. ಅತ್ತೆಗೆ ಈ ಸಾಲು ತೋರಿಸಿದಾಗ ನಗಲಿಲ್ಲ. “ಸೈಕಲ್ ನಿಂತ್ರೆ ಸಂಬಳ ನಿಲ್ತಿತ್ತು, ಲಂಗ ಹರಿದ್ರೆ ಹೊಲಿಬಹುದಿತ್ತು” ಅಂದರು. ಹೋದವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಅನ್ನುವ ವರ್ಷದಲ್ಲಿ ಯಾರೋ ಒಬ್ಬರಾದರೂ ಹೀಗೆ ಹೇಳಿದ್ದು ನನಗೆ ಹಿಡಿಸಿತು.

ಇನ್ನು ಹರಳೆಣ್ಣೆ. ತಾತನ ಮೊಣಕಾಲಿಗೆ, ಬಾಗಿಲ ತಿರುಗಣಿಗೆ, ಸೀಟಿನ ಚರ್ಮಕ್ಕೆ, ಚೈನಿಗೆ, ಎಲ್ಲಕ್ಕೂ ಹರಳೆಣ್ಣೆಯೇ. ಚೈನಿನ ಮೇಲೆ ಅದು ದೂಳು ಕುಡಿದು ಕಪ್ಪು ಅಂಟಾಗಿ ಕೂತಿತ್ತು. ಚೈನನ್ನು ಡೀಸೆಲ್ಲಿನಲ್ಲಿ ರಾತ್ರಿಯೆಲ್ಲ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕಾಯಿತು. ಉಜ್ಜಿದ ಮೇಲೆ ಅಳೆದರೆ ಚೈನು ಎಳೆದುಕೊಂಡಿತ್ತು: 12 ಇಂಚಿಗೆ ಸರಿಯಾಗಿ ಬರಬೇಕಾದ ಕೊಂಡಿ ಒಂದಂಗುಲದ ಎಂಟನೇ ಒಂದು ಭಾಗದಷ್ಟು ಆಚೆ ಇತ್ತು. ಹೊಸ ಚೈನು, ಹೊಸ ಫ್ರೀವೀಲು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಕಡೆ ಹೋದಾಗ ಎರಡೂ ತಂದೆ. ಚೈನ್‌ವೀಲಿನ ಹಲ್ಲು ಮಾತ್ರ ಇನ್ನೂ ಗಟ್ಟಿಯಾಗಿವೆ.

ಮುಂದೆ 46 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಗಾಡಿ ಐದೂವರೆ ಮೀಟರಿಗೂ ಸ್ವಲ್ಪ ಮುಂದೆ ಹೋಗುತ್ತದೆ. ಶಾಲೆ ಐದು ಮೈಲಿ (ತಾತ ಕೊನೆವರೆಗೂ ಮೈಲಿಯಲ್ಲೇ ಹೇಳಿದ್ದು). ಹೋಗಿ ಬರುವುದಕ್ಕೆ ಎರಡು ಸಾವಿರದ ಎಂಟುನೂರು ತುಳಿತ. ಚಿಕ್ಕಪ್ಪ ಇದನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ ಭೂಮಿಗೆ ಎಷ್ಟು ಸುತ್ತಾಯಿತು ಅಂತ ಲೆಕ್ಕ ಹಾಕಿ ಮನೆಯವರ ಗ್ರೂಪಿಗೆ ಕಳಿಸಿದರು. ನನಗೆ ಆ ಲೆಕ್ಕ ರುಚಿಸಲಿಲ್ಲ. ಅವರು ಭೂಮಿ ಸುತ್ತಲಿಲ್ಲ. ಅದೇ ಐದು ಮೈಲಿ, ಅದೇ ಜಾಲಿ ಮುಳ್ಳಿನ ಹಾದಿ, ಬೆಳಿಗ್ಗೆ ಎದುರುಗಾಳಿ, ಸಂಜೆ ಎದುರುಬಿಸಿಲು. ಅದಕ್ಕೆ ಬೇಕಾಗುವ ತಾಳ್ಮೆಯೇ ಬೇರೆ.

ನಡುನಡುವೆ ಬೇರೆ ದಾರಿಗಳೂ ಇದ್ದವು ಅನ್ನಿ. ಮೇಷ್ಟ್ರುಗಳಿಗೆ ಜನಗಣತಿ, ಚುನಾವಣೆ ತಪ್ಪಿದ್ದಲ್ಲ. 1961ರ ಗಣತಿಗೆ ಮನೆಮನೆ ಸುತ್ತಿದ್ದು ಇದೇ ಸೈಕಲ್ಲಿನಲ್ಲಿ, ಫಾರಂಗಳ ಕಟ್ಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು. 1957ರ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಮತಪೆಟ್ಟಿಗೆ ಇಡುತ್ತಿದ್ದದ್ದನ್ನು ತಾತ ನಮಗೆ ಹೇಳುವಾಗ ಪೆಟ್ಟಿಗೆಗೆ ಅಂಟಿಸುವ ಒಂದೊಂದು ಗುರುತನ್ನೂ ಹೆಬ್ಬೆರಳಿನಿಂದ ಗಾಳಿಯಲ್ಲಿ ಒತ್ತಿ ತೋರಿಸುತ್ತಿದ್ದರು. ಹಾರನಹಳ್ಳಿಯ ಹೊಯ್ಸಳ ಗುಡಿಗೆ ಮಕ್ಕಳನ್ನು ನಡೆಸಿಕೊಂಡು ಹೋದಾಗ, ಕಾಲು ನೋವು ಅಂದವರನ್ನು ಸರದಿಯ ಮೇಲೆ ಕ್ಯಾರಿಯರ್ ಹತ್ತಿಸುತ್ತಿದ್ದರಂತೆ. ಕ್ಯಾರಿಯರಿನ ಎಡಕಾಲು ಸೊಟ್ಟಗಿರುವುದು ಅದರಿಂದ ಅಂತ ಅಪ್ಪ, ಭತ್ತದ ಮೂಟೆಯಿಂದ ಅಂತ ಚಿಕ್ಕಪ್ಪ. ಸೊಟ್ಟ ನೆಟ್ಟಗೆ ಮಾಡಿಲ್ಲ, ಬಿರುಕು ಬಿಟ್ಟ ಜಾಗಕ್ಕೆ ಮಾತ್ರ ಬ್ರೇಜಿಂಗ್ ಮಾಡಿಸಿದೆ.

ತುಕ್ಕು, ಮತ್ತು ಮುಟ್ಟದೆ ಬಿಟ್ಟದ್ದು

ರಿಮ್ಮು ಎರಡೂ ತುಕ್ಕು ಹಿಡಿದಿದ್ದವು. ಲೀಟರ್ ನೀರಿಗೆ ಸುಮಾರು 30 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ, ದೊಡ್ಡ ಬೋಗುಣಿಯಲ್ಲಿ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೆನೆಸಿದೆ. ಇದು ವಿಷ; ಗ್ಲೌಸ್ ಬೇಕೇ ಬೇಕು, ಮಕ್ಕಳು, ದನ ಓಡಾಡುವ ಜಾಗದಲ್ಲಿ ಇಡಬಾರದು. ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು ಬಿಸಿಲಿಗೆ. ಕ್ರೋಮು ಎಲ್ಲಿ ಉಳಿದಿತ್ತೋ ಅಲ್ಲಿ ಕನ್ನಡಿ, ಹೋದಲ್ಲಿ ಬೂದು. ಅಷ್ಟೇ ಸಾಕು.

ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರವೆಲ್ಲ ಹಿಂದೆ ಬೀಳುವುದರಿಂದ ಇಂಗ್ಲಿಷ್ ಸೈಕಲ್ಲಿನಲ್ಲಿ ಈ ಪಾಲು. ಹಿಂದೆ ಮೂರು ಕಡ್ಡಿ ಮುರಿದಿತ್ತು. ಹಾಕಿ, ಬೆಂಡು ತೆಗೆದೆ. ಫ್ರೇಮನ್ನು ತಲೆಕೆಳಗು ನಿಲ್ಲಿಸಿ, ಬ್ರೇಕಿನ ರಾಡಿಗೆ ಒಂದು ಸೀಮೆಸುಣ್ಣ ಕಟ್ಟಿ, ಚಕ್ರ ತಿರುಗಿಸಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತದೆ.

ಟಯರ್ ಕೊಳ್ಳುವಾಗ ಜೋಪಾನ. ಇದಕ್ಕೆ 28 × 1½, ಅಂದರೆ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಈಗಿನ ಗೇರ್ ಸೈಕಲ್ಲಿನ 700ಸಿ ಟಯರನ್ನೂ ಕೆಲವರು 28 ಅಂತಲೇ ಕರೆಯುತ್ತಾರೆ, ಅದರದ್ದು 622. ಕೂರುವುದೇ ಇಲ್ಲ. ಹಳೇ ಅಳತೆಯದು ಇನ್ನೂ ನಮ್ಮಲ್ಲೇ ತಯಾರಾಗುತ್ತದೆ, ಸಣ್ಣ ಊರಿನ ಅಂಗಡಿಯಲ್ಲೇ ಬೇಗ ಸಿಗುತ್ತದೆ. ಟ್ಯೂಬು ಹಳೇ ಮಾದರಿಯದೇ, ವಾಲ್‌ಟ್ಯೂಬ್ (ತುಂಬಿದ ಗಾಳಿ ಹೊರಬರದಂತೆ ತಡೆಯುವ ಸಣ್ಣ ರಬ್ಬರ್ ಕೊಳವೆ) ಹಾಕುವಂಥದ್ದು. ತಾತನ ಟೂಲ್ ಬ್ಯಾಗಿನಲ್ಲಿ ಒಂದಂಗುಲದ ವಾಲ್‌ಟ್ಯೂಬ್ ತುಂಡುಗಳು ಔಷಧದ ಪೊಟ್ಟಣದ ಹಾಗೆ ಕಾಗದದಲ್ಲಿ ಮಡಿಸಿಟ್ಟಿದ್ದವು, ಎಲ್ಲ ಕರಗಿ ಕಾಗದಕ್ಕೇ ಅಂಟಿಕೊಂಡಿದ್ದವು.

ಪಂಚರಿನ ಲೆಕ್ಕವೂ ಪುಸ್ತಕದಲ್ಲಿದೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತಲ್ಲ, ಅಲ್ಲಿಂದ ಸುಮಾರು ಕಾಲ ತಾತ ಎರಡು ಕಾಲಂ ಹಾಕಿದ್ದಾರೆ: ಆಣೆ ಒಂದರಲ್ಲಿ, ನಯಾಪೈಸೆ ಇನ್ನೊಂದರಲ್ಲಿ. ಪಂಚರಿಗೆ ಎರಡಾಣೆ ಇತ್ತು. ಎರಡಾಣೆ ಅಂದರೆ ಹನ್ನೆರಡೂವರೆ ನಯಾಪೈಸೆ. ಶಾಪಿನವನು 13 ತೆಗೆದುಕೊಂಡಿದ್ದಾನೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: “ಅರ್ಧ ಹೆಚ್ಚು. ಮುಂದಿನ ಸಲ ಹೇಳುವುದು.” ಮುಂದಿನ ಪಂಚರಿನ ಎದುರು 12 ಅಂತಿದೆ. ನಮ್ಮ ತಾತ ಹೇಗಿದ್ದರು ಅಂತ ಯಾರಾದರೂ ಕೇಳಿದರೆ ಈ ಎರಡು ಸಾಲು ತೋರಿಸಿಬಿಡುತ್ತೇನೆ. ಕಾರ್ಯದ ದಿನ ಹಂಚಿದ ಪುಸ್ತಿಕೆಯಲ್ಲಿ ಶಿಸ್ತು, ಸರಳತೆ, ತ್ಯಾಗ ಅಂತೆಲ್ಲ ಬರೆದಿದ್ದರು. ಸುಳ್ಳಲ್ಲ, ಆದರೆ ಆ ಮಾತು ಯಾವ ಮೇಷ್ಟ್ರಿಗೂ ಹೊಂದುತ್ತದೆ.

ಫ್ರೇಮಿಗೆ ಉಗುರುಬೆಚ್ಚನೆ ನೀರು, ಸೋಪು, ಮೆತ್ತನೆ ಬಟ್ಟೆ, ಕೊನೆಗೆ ಕಾರಿಗೆ ಹಚ್ಚುವ ವ್ಯಾಕ್ಸು. ಚಿನ್ನದ ಗೆರೆ, ಅಕ್ಷರ ಇರುವ ಕಡೆ ಉಜ್ಜಲೇಬಾರದು, ಒತ್ತಿ ಒರೆಸಿದರೆ ಸಾಕು. ವ್ಯಾಕ್ಸ್ ಹಚ್ಚಿದ ಮೇಲೆ ಬಣ್ಣ ಹೋದ ಜಾಗಗಳು ಇನ್ನೂ ಎದ್ದು ಕಂಡವು. ಬಾರಿನ ಮಧ್ಯ ಎರಡು ಪಟ್ಟಿ: ಮಕ್ಕಳ ಸೀಟಿನ ಕ್ಲಾಂಪು. ಅತ್ತೆ ಕೂತದ್ದು, ಅಪ್ಪ ಕೂತದ್ದು, ನಾವು ಮೊಮ್ಮಕ್ಕಳು ಕೂತದ್ದು ಎಲ್ಲ ಅಲ್ಲೇ. ಅದರ ಹಿಂದೆ, ಸೀಟಿನ ಹತ್ತಿರ, ಬಾರಿನ ಬಲಗಡೆ ಮತ್ತು ಮೇಲೆ ಗೇಣುದ್ದ ಬಣ್ಣವೇ ಇಲ್ಲ. ಅದು ಒಳಪೆಡಲಿನ ಗುರುತು. ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲಿ ಬಾರನ್ನು ಬಲಗಂಕುಳಲ್ಲಿ ಅಮುಕಿಕೊಂಡು, ಬಲಗಾಲನ್ನು ಫ್ರೇಮಿನೊಳಗೆ ತೂರಿಸಿ ಅರ್ಧರ್ಧ ಪೆಡಲ್ ಹೊಡೆದವರು ಈ ಮನೆಯಲ್ಲಿ ಎರಡು ತಲೆಮಾರು. ಪುಸ್ತಕದಲ್ಲಿ ಒಂದು ಬೇಸಿಗೆಯ ನಮೂದು “ಹ್ಯಾಂಡ್ಲು ನೆಟ್ಟಗೆ ಮಾಡಿಸಿದ್ದು (ಮಕ್ಕಳು)”. ಬೈದ ವಿಚಾರ ಬರೆದಿಲ್ಲ. ಬೈದಿದ್ದರು ಅಂತ ಅಪ್ಪ ಹೇಳುತ್ತಾರೆ.

ದೊಡ್ಡಪ್ಪನಿಗೆ ಆ ಜಾಗ ಬೆರಳಿಟ್ಟು ತೋರಿಸಿದ ಮೇಲೆ ಪೌಡರ್ ಕೋಟಿಂಗಿನ ಮಾತು ಮತ್ತೆ ಬರಲಿಲ್ಲ.

ಸೀಟು, ಬ್ರೇಕು, ದೀಪ

ಸೀಟು ಬ್ರೂಕ್ಸ್, ಚರ್ಮದ್ದು. ಹರಳೆಣ್ಣೆಯ ದಯೆಯಿಂದ ಬಿರುಕು ಬಿಟ್ಟಿಲ್ಲ, ಆದರೆ ಮೆತ್ತಗಾಗಿ ತೊಟ್ಟಿಲಿನಂತೆ ಜಗ್ಗಿತ್ತು. ಮೂಗಿನ ಕೆಳಗಿನ ನಟ್ಟನ್ನು ಕಾಲು ಸುತ್ತು, ಎರಡು ದಿನ ಬಿಟ್ಟು ಇನ್ನೊಂದು ಕಾಲು ಸುತ್ತು ಬಿಗಿದೆ. ಒಮ್ಮೆಲೇ ಎಳೆದರೆ ರಿವೆಟ್ಟಿನ ಹತ್ತಿರ ಹರಿಯುತ್ತದೆ.

ರಾಡ್ ಬ್ರೇಕಿನ ಬಗ್ಗೆ ಹೇಳುವುದು ಬಹಳವಿಲ್ಲ. ನಾಲ್ಕು ಹೊಸ ಕಟ್ಟೆ (ಬ್ರೇಕಿನ ರಬ್ಬರು), ರಾಡಿನ ಕ್ಲಾಂಪು ಬಿಗಿ. ರಿಮ್ಮಿನ ಒಳಮೈಗೆ ಒತ್ತಿಕೊಳ್ಳುವ ಬ್ರೇಕಾದ್ದರಿಂದ ಬೆಂಡು ಪೂರ್ತಿ ತೆಗೆಯದೆ ಇದನ್ನು ಸರಿಮಾಡಲು ಹೋಗಬಾರದು. ಮಳೆಯಲ್ಲಿ ಹೇಗೂ ಹಿಡಿಯುವುದಿಲ್ಲ.

ಎಡ ಹಿಡಿಯ ರಬ್ಬರಿನಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿದೆ, ಬಲಗಡೆಯದರಲ್ಲಿ ಅಂಥದ್ದಿಲ್ಲ. ಎರಡೂ ಒಂದೇ ಸಲ ಹಾಕಿಸಿದ್ದು ಅಂತ ಪುಸ್ತಕದಲ್ಲಿದೆ. ಕಾರಣ ನಮಗೆಲ್ಲ ಗೊತ್ತಿರುವುದೇ. ಎಂಬತ್ತೆಂಟನೇ ವಯಸ್ಸಿನ ಹೊತ್ತಿಗೆ ಬಿದ್ದು ಮೊಣಕೈ ತರಚಿಕೊಂಡ ಮೇಲೆ ಮನೆಯವರು ಹತ್ತಬೇಡಿ ಅಂದರು. ಹತ್ತಲಿಲ್ಲ. ಆದರೆ ಬಿಡಲೂ ಇಲ್ಲ. ಹಾಲಿನ ಡೈರಿಗೆ, ಹಿಟ್ಟಿನ ಗಿರಣಿಗೆ, ಪೆನ್ಷನ್ ದಿನ ಬ್ಯಾಂಕಿಗೆ, ಸೈಕಲ್ಲನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಎಡಗೈ ಹಿಡಿಯ ಮೇಲೆ, ಬಲಗೈ ಸೀಟಿನ ಮೇಲೆ. ಚಿಕ್ಕಪ್ಪ ದೊಣ್ಣೆ ತಂದುಕೊಟ್ಟರೆ ಮುಟ್ಟಲಿಲ್ಲ. ದೊಣ್ಣೆ ಹಿಡಿದವನನ್ನು ಜನ ಕಂಡರೆ ಆರೋಗ್ಯ ವಿಚಾರಿಸುತ್ತಾರೆ, ಸೈಕಲ್ ಹಿಡಿದವನನ್ನು ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಾರೆ, ಅನ್ನುವುದು ಅವರ ವಾದ. ಆ ರಬ್ಬರನ್ನು ಬದಲಾಯಿಸಿಲ್ಲ.

ಡೈನಮೋ ಆರು ವೋಲ್ಟಿನದು, ಟಯರಿನ ಪಕ್ಕಕ್ಕೆ ಉಜ್ಜುವ ಸೀಸೆ ಮಾದರಿ. ಒಂದೇ ತಂತಿ, ಇನ್ನೊಂದು ದಾರಿ ಫ್ರೇಮೇ. ದೀಪ ಹತ್ತದಿದ್ದರೆ ಬಲ್ಬನ್ನು ಬೈಯುವ ಮೊದಲು ಬ್ರಾಕೆಟ್ಟಿನ ಮರೆ ಫ್ರೇಮಿನ ಲೋಹಕ್ಕೆ ಸರಿಯಾಗಿ ತಾಗುತ್ತಿದೆಯೇ ನೋಡಿ. ನಮ್ಮದರಲ್ಲಿ ತುಕ್ಕು ಅಡ್ಡ ಬಂದಿತ್ತು, ಕೆರೆದ ಕೂಡಲೇ ಬೆಳಕು ಬಂತು. ದೀಪವಿಲ್ಲದೆ ರಾತ್ರಿ ಓಡಿಸಿದರೆ ಪೊಲೀಸರು ಹಿಡಿಯುತ್ತಿದ್ದ ಕಾಲದ ಸೈಕಲ್ಲು. ಪುರಸಭೆಯ ತೆರಿಗೆ ಬಿಲ್ಲೆಗಳು ಒಂದು ತಂತಿಯಲ್ಲಿ ಪೋಣಿಸಿ ಟೂಲ್ ಬ್ಯಾಗಿನಲ್ಲೇ ಇದ್ದವು. ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಯಾರಾದರೂ ಕೇಳಿದರೆ ಇರಲಿ ಅಂತ.

ಜೋಡಿಸುವಾಗ ಕಾಟರ್ ಪಿನ್ನು ಎರಡನ್ನೂ ಒಂದಕ್ಕೊಂದು ಎದುರುಮುಖವಾಗಿ ಹಾಕಬೇಕು, ಇಲ್ಲದಿದ್ದರೆ ಎರಡು ಪೆಡಲ್ಲು ಒಂದೇ ಸಾಲಿಗೆ ಬರುವುದಿಲ್ಲ. ಹೊಸ ಪಿನ್ನಿನ ಚಪ್ಪಟೆ ಮೈಯನ್ನು ಅರ ಹಾಕಿ ಒಂದೇ ಸಮ ತರುವುದಕ್ಕೆ ಬಿಚ್ಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸ್ವಲ್ಪ ದೂರ ಓಡಿಸಿ ಬಂದು ನಟ್ಟನ್ನು ಮತ್ತೊಮ್ಮೆ ಬಿಗಿಯಬೇಕು. ನಟ್ಟು ಎಳೆದು ಪಿನ್ನು ಕೂರಿಸಲು ಹೋದರೆ ಮರೆ ಹೋಗುತ್ತದೆ. ಸುತ್ತಿಗೆಯಿಂದ ಕೂರಿಸಿ, ನಟ್ಟಿನಿಂದ ಹಿಡಿದಿಡಬೇಕು.

ಈಗ ಅದನ್ನು ಓಡಿಸುತ್ತಿರುವುದು ದೊಡ್ಡಪ್ಪನ ಮೊಮ್ಮಗ, ಪಿಯುಸಿ ಹುಡುಗ. ಟ್ಯೂಷನ್ನಿಗೆ ಹೋಗುತ್ತಾನೆ. ಮೊದಲ ವಾರವೇ ಜಾಲಿ ಮುಳ್ಳು ಚುಚ್ಚಿಸಿಕೊಂಡು ಬಂದ. ಪಂಚರ್ ಹಾಕಲು ಯಾವ ಅಂಗಡಿಯವನೂ ಈ ಟ್ಯೂಬನ್ನು ನೋಡಿ ಹಿಂದೆ ಸರಿಯಲಿಲ್ಲ, ಅದೇ ಪುಣ್ಯ. ಬ್ರೇಕು ಹಿಡಿಯುವುದಿಲ್ಲ ಅಂತ ದೂರು. ಕಟ್ಟೆ ಸವೆದು ಕೂತುಕೊಂಡ ಮೇಲೆ ಸರಿಹೋಗುತ್ತದೆ. ಇನ್ನೊಂದು ದೂರು ನ್ಯಾಯವಾದದ್ದು: ಅವನು ತಾತನಿಗಿಂತ ಅರ್ಧ ಅಡಿ ಎತ್ತರ, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಸೀಟಿನ ಕಂಬ ಎತ್ತಬೇಕು. ಅದು ಫ್ರೇಮಿನೊಳಗೆ ತುಕ್ಕು ಹಿಡಿದು ಒಂದಾಗಿಹೋಗಿದೆ. ಕ್ಲಾಂಪ್ ಬೋಲ್ಟು ಬಿಚ್ಚಿಟ್ಟು ದಿನಾ ಸಂಜೆ ಡೀಸೆಲ್ ಬಿಡುತ್ತಿದ್ದಾನೆ. ಬ್ರೂಕ್ಸ್ ಸೀಟನ್ನು ಹಿಡಿದು ತಿರುಚಬೇಡ ಅಂದಿದ್ದೇನೆ. ಅದನ್ನು ಬಿಚ್ಚಿ ಹಳೇ ರೆಕ್ಸಿನ್ ಸೀಟು ಹಾಕಿಕೊಂಡು ಈ ಭಾನುವಾರ ಇಬ್ಬರೂ ಸೇರಿ ಪ್ರಯತ್ನಿಸುವುದು. ಆಗಲೂ ಅಲುಗದಿದ್ದರೆ ಫ್ರೇಮನ್ನು ತಲೆಕೆಳಗು ಮಾಡಿ, ಕೆಳಗಿನಿಂದ ಎಣ್ಣೆ ಬಿಟ್ಟು ಒಂದು ವಾರ ನಿಲ್ಲಿಸುವುದು. ಅಲ್ಲಿಯವರೆಗೆ ನಿಂತುಕೊಂಡು ತುಳಿಯಲಿ.